ಡೈರಿಗೆ ಹಾಕದ ಹಾಲು

ಮದ್ದೂರು ತಾಲ್ಲೂಕಿನ ನಮ್ಮ ಕೊಪ್ಪದ ಕಡೆ ಹಸುವಿಗೆ ಕೆಚ್ಚಲು ಬಾವು ಬಂದು ಇಂಜೆಕ್ಷನ್ ಹಾಕಿಸಿದರೆ, ಕೆಲವು ದಿನ ಆ ಹಾಲನ್ನು ಡೈರಿಗೆ ಹಾಕುವಂತಿಲ್ಲ. ಹಾಲಿಗೆ ಔಷಧಿ ಇಳಿದಿರುತ್ತದೆ. ಹಾಗಂತ ಚೆಲ್ಲುವವರು ಯಾರು? ಮನೆಯ ಮಕ್ಕಳಿಗೆ ಆಗ ಹಬ್ಬ. ನಮ್ಮತ್ತೆಯಂತೂ ಕಾಯಿಸಿ, ಬೆಲ್ಲ ಹಾಕಿ, ದೊಡ್ಡ ಲೋಟದ ತುಂಬ ನನ್ನ ಮಗಳಿಗೆ ಕೊಡುತ್ತಿದ್ದರು.

"ಕುಡಿ ಕೂಸೇ. ಡೈರಿಯೋರು ಬ್ಯಾಡ ಅಂದ್ರೆ ಚೆಲ್ಲಕ್ಕಾಯ್ತದಾ? ಆಲು ಕಣಮ್ಮ ಇದು."

ಓದಿ ಮದ್ದೂರಿನಲ್ಲಿ ಸರ್ಕಾರಿ ಕೆಲಸದಲ್ಲಿರುವ ನಾನು ಒಂದು ದಿನವೂ ಬೇಡ ಅನ್ನಲಿಲ್ಲ. ಅದೇ ಹಾಲಿನ ಕಾಫಿ ಕುಡಿದು ಬಸ್ಸು ಹತ್ತುತ್ತಿದ್ದೆ.

ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಡಾಕ್ಟರುಗಳು ಬಂದರು. ಆರೋಗ್ಯವಾಗಿರುವ ಮಕ್ಕಳ ಹೊಟ್ಟೆಯಲ್ಲಿ ಎಂಥ ಬ್ಯಾಕ್ಟೀರಿಯಾ ಇವೆ ಎಂದು ನೋಡಬೇಕು, ಮಲ ತನ್ನಿ ಎಂದು ಒಬ್ಬೊಬ್ಬರಿಗೂ ಒಂದು ಡಬ್ಬಿ ಕೊಟ್ಟರು. ಮನೆಯಲ್ಲಿ ಎರಡು ದಿನ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅವರಲ್ಲೊಬ್ಬ ಲೇಡಿ ಡಾಕ್ಟರು ನನ್ನನ್ನು ಕರೆಸಿದರು. ಮಗಳ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಕ್ಕೆ ಸಾಮಾನ್ಯ ಔಷಧಿಗಳು ನಾಟುವುದಿಲ್ಲವಂತೆ.

"ಅವಳಿಗೇನೂ ಕಾಯಿಲೆ ಇಲ್ಲ, ಔಷಧಿಯೂ ಬೇಡ. ಕೈ ಚೆನ್ನಾಗಿ ತೊಳೆದುಕೊಂಡರೆ ಸಾಕು" ಎಂದರು. ಹಾಲಿನ ವಿಷಯ ಕೇಳಿದೆ. ಔಷಧಿ ಇಳಿದ ಹಾಲು ಕುಡಿದು ಕುಡಿದು ಬ್ಯಾಕ್ಟೀರಿಯಾ ಆ ಔಷಧಿಗೆ ಪಳಗಿಬಿಡುತ್ತವೆ, ಅದೂ ಒಂದು ದಾರಿಯಿರಬಹುದು ಎಂದರು. ಮಗಳು ಗುಂಡುಕಲ್ಲಿನ ಹಾಗಿದ್ದಳು, ನಾನು ಮರೆತೇಬಿಟ್ಟೆ.

ಮೂರು ತಿಂಗಳಿಗೆ ಅತ್ತೆಗೆ ಉರಿಮೂತ್ರ ಶುರುವಾಗಿ ಜ್ವರ ಏರಿತು. ಮೊದಲೇ ಸಕ್ಕರೆ ಕಾಯಿಲೆ. ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. ಔಷಧಿ ಬದಲಿಸಿದರು, ಮತ್ತೆ ಬದಲಿಸಿದರು, ಜ್ವರ ಇಳಿಯಲಿಲ್ಲ. "ಹೊಟ್ಟೇಲಿರೋ ಬ್ಯಾಕ್ಟೀರಿಯಾನೇ ಮೂತ್ರಕ್ಕೆ ಸೇರಿದೆ, ಯಾವ ಔಷಧೀನೂ ನಾಟ್ತಿಲ್ಲ" ಎಂದು ಅಲ್ಲಿಯ ಡಾಕ್ಟರು ಹೇಳಿದಾಗ ನನಗೆ ಮಗಳ ಡಬ್ಬಿ ನೆನಪಾಯಿತು.

ಒಳಗೆ ಬಂದರೆ ಮಗಳು ಅಜ್ಜಿಯ ಮಂಚ ಹತ್ತಿ ಕೂತು, ಕಾಫಿಗೆ ಬ್ರೆಡ್ಡು ಅದ್ದಿ ಅದ್ದಿ ತಿನ್ನಿಸುತ್ತಿದ್ದಳು. ನನ್ನದು ಹಾಳು ಕೋಪ. ರಟ್ಟೆ ಹಿಡಿದು ಎಳೆದೆ.

"ಮುಟ್ಬ್ಯಾಡ ಕಣೆ! ನಿನ್ನ ಒಟ್ಟೇಲಿರೋದೇ ಅಜ್ಜಿಗೂ ಅಂಟಿರೋದು!"

ವಾರ್ಡೆಲ್ಲ ತಿರುಗಿ ನೋಡಿತು. ಅತ್ತೆ ಮೆಲ್ಲಗೆ, "ಮಗೀನ ಯಾಕಮ್ಮ ಬೈತೀಯೆ? ಬುಡು, ಇಲ್ಲೇ ಇರ್ಲಿ" ಎಂದರು. ನಾನು ಕೇಳಲಿಲ್ಲ, ಮಗಳನ್ನು ಊರಿಗೆ ಕಳಿಸಿದೆ. ನಾಲ್ಕನೇ ದಿನ ಅತ್ತೆ ತೀರಿಕೊಂಡರು. ಮೊಮ್ಮಗಳೆಲ್ಲಿ ಎಂದು ಕೇಳುತ್ತಲೇ ಹೋದರು.

ಯಾರಿಂದ ಯಾರಿಗೆ ಬಂತೆಂದು ಹೇಳಲಾಗದು, ಅಜ್ಜಿಯಿಂದಲೇ ಮಗುವಿಗೆ ಬಂದಿರಬಹುದು, ನಿಮ್ಮ ಹೊಟ್ಟೆಯಲ್ಲೂ ಇರಬಹುದು ಎಂದು ಆ ಲೇಡಿ ಡಾಕ್ಟರು ಆಮೇಲೆ ಹೇಳಿದರು. ಅದನ್ನು ಮಗಳಿಗೆ ಎಷ್ಟು ಸಲ ಬಿಡಿಸಿ ಹೇಳಿದ್ದೇನೋ. ಸುಮ್ಮನೆ ತಲೆಯಾಡಿಸುತ್ತಾಳೆ. ಆಡಿದ ಮಾತಿಗಾಗಿ ನನ್ನ ನಾಲಿಗೆಯನ್ನೇ ಕಿತ್ತುಹಾಕಬೇಕು ಅನ್ನಿಸುತ್ತದೆ.

ಈಗ ಇಂಜೆಕ್ಷನ್ ಹಾಕಿಸಿದ ಹಸುವಿನ ಹಾಲನ್ನು ನಾನೇ ಗುಂಡಿಗೆ ಚೆಲ್ಲಿ ಬರುತ್ತೇನೆ. ಸೋಪು ಹಾಕಿ ತಿಕ್ಕಿ ತಿಕ್ಕಿ ಮಗಳ ಕೈ ಬಿರಿದಿದೆ. ಮೊನ್ನೆ ಆಫೀಸಿನಿಂದ ಬಂದು ಕೂತು, ನೀರು ಕೊಡು ಎಂದೆ. ತಂದಳು. ಕೈ ಚಾಚಿದೆ. ಲೋಟವನ್ನು ನನ್ನ ಮುಂದೆ ನೆಲದ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.