ಹನ್ನೆರಡು ವೋಲ್ಟಿನಿಂದ ಆರಕ್ಕೆ

ಈಗಲೂ ಆಗಾಗ ನನ್ನ ಕನಸಿನಲ್ಲಿ ಒಂದು ಹಿತ್ತಾಳೆಯ ಸ್ಕ್ರೂ ಬರುತ್ತದೆ. ಜೋಳದ ಕಾಳಿಗಿಂತ ಚಿಕ್ಕದು. ಅದನ್ನು ಎಡಕ್ಕೆ ತಿರುಗಿಸುತ್ತಾ ಕೂತಿರುತ್ತೇನೆ, ಮೀಟರಿನ ಅಂಕಿ ಹನ್ನೆರಡರಿಂದ ಅಲುಗುವುದೇ ಇಲ್ಲ. ಹೊರಗೆ ತೋಟದ ತುಂಬ ಕಾಫಿ ಹೂ ಬಿಟ್ಟಿರುತ್ತದೆ, ಜೇನುಹುಳಗಳ ಸದ್ದು ಕಿಟಕಿಯೊಳಗೆ ಬರುತ್ತಿರುತ್ತದೆ. ಸುಮಾರು ಹೊತ್ತಾದ ಮೇಲೆ ಅಂಕಿ ಇಳಿಯತೊಡಗುತ್ತದೆ, ಹನ್ನೊಂದು, ಹತ್ತು, ಒಂಬತ್ತು. ಆರಕ್ಕೆ ಮುಟ್ಟುವುದರೊಳಗೆ ಎಚ್ಚರವಾಗಿಬಿಡುತ್ತದೆ. ಹೆಂಡತಿಗೆ ಹೇಳಿದರೆ, ಬೇರೆಯವರ ಕನಸಲ್ಲಿ ದೇವರು ಬರ್ತದೆ, ನಿಮಗೆ ಸ್ಕ್ರೂ ಬರ್ತದೆ ಎಂದು ನಗುತ್ತಾಳೆ.

ನಮ್ಮ ಮನೆ ಗೋಣಿಬೀಡಿನಿಂದ ಮೇಲೆ, ಗುಡ್ಡದ ಓರೆಯಲ್ಲಿ. ಐದು ಎಕರೆ ಕಾಫಿ, ಒಂದು ಕಣ, ಒಂದು ಹಳೆಯ ಜೀಪು. ತೊಂಬತ್ತರ ದಶಕದಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಜೀಪಿನ ಬ್ಯಾಟರಿಯಿಂದ ರೇಡಿಯೋ ಹಾಡಿಸುವ ಹುಚ್ಚು ಹತ್ತಿತು. ಬ್ಯಾಟರಿ ಹನ್ನೆರಡು ವೋಲ್ಟು, ರೇಡಿಯೋಗೆ ಬೇಕಾದದ್ದು ಆರು. ಆಗ ಸಿಗುತ್ತಿದ್ದದ್ದು ಮೂರು ಕಾಲಿನ ಕಪ್ಪು ರೆಗ್ಯುಲೇಟರ್. ಅದು ಹೆಚ್ಚಿನ ವೋಲ್ಟನ್ನೆಲ್ಲ ಬಿಸಿ ಮಾಡಿ ಗಾಳಿಗೆ ಬಿಡುತ್ತದೆ, ಅಷ್ಟೇ ಅದರ ವಿದ್ಯೆ. ಮುಟ್ಟಿದರೆ ಬೆರಳು ಚುರ್ ಎನ್ನುತ್ತಿತ್ತು. ಬಿಸಿ ಆರಲಿ ಎಂದು ಅಮ್ಮನ ಅಲ್ಯುಮಿನಿಯಂ ಮುಚ್ಚಳ ಕತ್ತರಿಸಿ ಅದರ ಬೆನ್ನಿಗೆ ಕಟ್ಟಿದೆ. ರೇಡಿಯೋ ಹಾಡಿತು. ಅಮ್ಮ ಅದಕ್ಕಿಂತ ಜೋರಾಗಿ ಹಾಡಿದಳು.

ಆಮೇಲೆ ಚಿಕ್ಕಮಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಬಂದು, ಗೋಣಿಬೀಡಿನ ಬಸ್ ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಹಾಕಿದೆ. ಮಿಕ್ಸಿ, ಟಿವಿ, ಸ್ಟೆಬಿಲೈಸರ್. ಬೆಳಿಗ್ಗೆ ತೋಟ, ಮಧ್ಯಾಹ್ನದ ಮೇಲೆ ಅಂಗಡಿ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಬೆಂಗಳೂರಿನಿಂದ ಬಿಡಿಭಾಗ ತರಿಸಿದಾಗ ಕಟ್ಟಿನೊಳಗೆ ನಾನು ಕೇಳಿರದ ಒಂದು ನೀಲಿ ಬಣ್ಣದ ಬೋರ್ಡ್ ಇತ್ತು. ಹೊಸ ಸಾಮಾನು, ಹಾಕಿ ನೋಡಿ ಎಂದು ಅಲ್ಲಿನ ಅಂಗಡಿಯವರು ಚೀಟಿ ಬರೆದಿದ್ದರು. ಬೆಂಕಿಪೊಟ್ಟಣದಷ್ಟು ಅಗಲ. ಮೇಲೆ ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್, ನಿಂತಿರುವ ಎರಡು ಕೆಪಾಸಿಟರ್, ಒಂದು ಐಸಿ, ಪಕ್ಕದಲ್ಲಿ ಪುಟ್ಟ ನೀಲಿ ಡಬ್ಬಿ, ಅದರ ತಲೆಯ ಮೇಲೆ ಹಿತ್ತಾಳೆಯ ಸ್ಕ್ರೂ. ಆ ಸ್ಕ್ರೂ ತಿರುಗಿಸಿ ಎಷ್ಟು ವೋಲ್ಟ್ ಬೇಕೋ ಅಷ್ಟಕ್ಕೆ ಇಳಿಸಿಕೊಳ್ಳಬಹುದು.

ಹನ್ನೆರಡು ಕೊಟ್ಟು ಆರಕ್ಕೆ ಇಳಿಸಿ ಒಂದು ಬಲ್ಬು ಉರಿಸಿದೆ. ಐಸಿಯ ಮೇಲೆ ಬೆರಳಿಟ್ಟರೆ ಉಗುರುಬೆಚ್ಚಗಿತ್ತು, ಅಷ್ಟೇ. ಯಾವುದನ್ನೂ ಸುಡದೆ, ಯಾರಿಗೂ ಗೊತ್ತಾಗದಂತೆ ಅರ್ಧಕ್ಕೆ ಇಳಿಸಿಬಿಟ್ಟಿದೆ! ಅಂದು ಮಧ್ಯಾಹ್ನ ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿ, ಸುಮ್ಮನೆ ಅದರ ಮುಂದೆ ಕೂತಿದ್ದೆ. ಕಾಯಿಲಿಗೆ ಕಿವಿ ಹತ್ತಿರ ತಂದರೆ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಸಿಳ್ಳು. ಎಷ್ಟು ಹೊತ್ತು ಹಾಗೆ ಕಳೆದೆನೋ, ಕೊನೇ ಬಸ್ಸಿನ ಹಾರ್ನ್ ಕೇಳಿದಾಗಲೇ ಊರಿನ ನೆನಪಾದದ್ದು.

ಆ ಬೋರ್ಡು ಮನೆಗೆ ಬಂದದ್ದು ಫೋನಿನ ಸಲುವಾಗಿ. ಅದನ್ನು ಹೇಳಬೇಕಾದರೆ ಮೊದಲು ಅಪ್ಪ ಮತ್ತು ದೊಡ್ಡಪ್ಪನ ವಿಷಯ ಹೇಳಬೇಕು. ದೊಡ್ಡಪ್ಪ ಅಪ್ಪನ ಒಬ್ಬನೇ ಅಣ್ಣ, ಅವರ ಮನೆ ಗುಡ್ಡದ ಆಚೆ ಮಗ್ಗುಲಲ್ಲಿ, ಕಾಲುದಾರಿಯಲ್ಲಿ ಅರ್ಧ ಗಂಟೆ. ಗಡಿಯಲ್ಲಿದ್ದ ಒಂದು ಸಿಲ್ವರ್ ಓಕ್ ಮರವನ್ನು ಯಾರು ಕಡಿಸಿದ್ದು ಎಂಬ ಮಾತಿಗೆ ಮಾತು ಬೆಳೆದು ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷ ಆಗಿತ್ತು. ಮದುವೆ, ತಿಥಿ ಯಾವುದಕ್ಕೂ ಹೋಗುವುದಿಲ್ಲ, ಬಸ್ಸಿನಲ್ಲಿ ಎದುರು ಸಿಕ್ಕರೆ ಕಿಟಕಿ ಕಡೆ ನೋಡುತ್ತಾರೆ. ಆದರೆ ಮಳೆಯ ಫೋನ್ ಮಾತ್ರ ಬಿಟ್ಟಿರಲಿಲ್ಲ.

ನಮ್ಮ ಕಡೆ ಮಳೆ ಬಂದರೆ ಕಾಫಿಯವರೆಲ್ಲ ಮಳೆಮಾಪಕ ನೋಡಿ ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುತ್ತಾರೆ, ಎಷ್ಟು ಸೆಂಟ್ ಬಂತು ಎಂದು. ನೂರು ಸೆಂಟ್ ಅಂದರೆ ಒಂದು ಇಂಚು. ಹೂ ಅರಳಲು ಎಷ್ಟು ಬೇಕು, ಕಾಯಿ ಕಚ್ಚಲು ಎಷ್ಟು ಬೇಕು, ವರ್ಷದ ಫಸಲೆಲ್ಲ ಆ ಲೆಕ್ಕದಲ್ಲಿರುತ್ತದೆ. ಒಂಬತ್ತು ವರ್ಷವೂ ಪ್ರತಿ ಮಳೆ ನಿಂತ ಮೇಲೆ ದೊಡ್ಡಪ್ಪನ ಫೋನ್ ಬರುತ್ತಿತ್ತು. ಅವರು ಎಷ್ಟು ಎನ್ನುವುದು, ಅಪ್ಪ ಅರವತ್ತೆರಡು ಎನ್ನುವುದು, ಅವರು ಇಲ್ಲಿ ಐವತ್ತೈದು ಎನ್ನುವುದು, ಇಡುವುದು. ಒಂದು ಅಕ್ಷರ ಹೆಚ್ಚಿಲ್ಲ. ಇಟ್ಟ ಮೇಲೆ ಅಪ್ಪ ಸ್ವಲ್ಪ ಹೊತ್ತು ಆ ಫೋನಿನ ಹತ್ತಿರವೇ ನಿಂತಿರುತ್ತಿದ್ದರು. ಅವರಿಬ್ಬರ ನಡುವೆ ಉಳಿದದ್ದು ಅಷ್ಟೇ ಎಂದು ನಮಗೆಲ್ಲ ಗೊತ್ತಿತ್ತು.

ಮೊದಲು ತಂತಿಯ ಫೋನಿತ್ತು. ಮರ ಬಿದ್ದು ತಂತಿ ಹರಿದು ಹರಿದು ಸಾಕಾಗಿ, ಟೆಲಿಫೋನಿನವರು ನಮಗೆ ಆಂಟೆನಾ ಇರುವ ಫೋನ್ ಕೊಟ್ಟರು, ದೊಡ್ಡಪ್ಪನ ಮನೆಯಲ್ಲಿ ತಂತಿಯದ್ದೇ ಉಳಿಯಿತು. ಅದಕ್ಕೆ ಕರೆಂಟ್ ಬೇಕು. ಗುಡುಗು ಬಂದರೆ ಕರೆಂಟ್ ಹೋಗುತ್ತದೆ, ಮಳೆ ಬರುವುದೇ ಗುಡುಗಿನ ಜೊತೆ. ಅಂದರೆ ಅಣ್ಣನ ಫೋನ್ ಬರಬೇಕಾದ ಹೊತ್ತಿಗೆ ಸರಿಯಾಗಿ ಫೋನ್ ಸತ್ತಿರುತ್ತಿತ್ತು. ಎರಡು ಸಲ ಹಾಗಾದಾಗ ಅಪ್ಪ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಆಗ ನಾನು ಜೀಪಿನ ಹಳೆ ಬ್ಯಾಟರಿಯನ್ನು ಫೋನಿನ ಮೇಜಿನ ಕೆಳಗಿಟ್ಟು, ನೀಲಿ ಬೋರ್ಡಿನಲ್ಲಿ ಆರಕ್ಕೆ ಇಳಿಸಿ ಫೋನಿಗೆ ಕೊಟ್ಟೆ. ಆ ವರ್ಷದ ಹೂಮಳೆಗೆ ಊರೆಲ್ಲ ಕರೆಂಟಿಲ್ಲದಿದ್ದರೂ ನಮ್ಮ ಫೋನ್ ಬಡಿಯಿತು. ಎಪ್ಪತ್ತು ಎಂದರು ಅಪ್ಪ, ನನ್ನ ಮದುವೆ ನಿಶ್ಚಯವಾದ ದಿನದಷ್ಟೇ ಖುಷಿಯಲ್ಲಿ. ಎಂಟು ದಿನಕ್ಕೆ ಹೂ ಅರಳಿ ಗುಡ್ಡವೆಲ್ಲ ಬೆಳ್ಳಗಾಯಿತು. ಆ ವಾಸನೆಯಲ್ಲಿ ನಡೆದಾಡುವಾಗ ಇದರಲ್ಲಿ ನನ್ನದೂ ಸ್ವಲ್ಪ ಇದೆ ಎಂದು ಸುಮ್ಮಸುಮ್ಮನೆ ಬೀಗುತ್ತಿದ್ದೆ.

ಮೇ ತಿಂಗಳ ನಡುವೆ, ಮಳೆಗಾಲಕ್ಕೆ ಮೊದಲು, ಅಪ್ಪನದ್ದು ಒಂದು ಕೆಲಸವಿತ್ತು. ಒಂದು ಸ್ಕ್ರೂಡ್ರೈವರ್, ಒಂದು ಎಣ್ಣೆಡಬ್ಬ ಹಿಡಿದು ಇಡೀ ಮನೆ ಸುತ್ತುವುದು. ಬಾಗಿಲಿನ ತಿರುಗಣಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ, ಔಷಧ ಹೊಡೆಯುವ ಪಂಪು, ಹೊಲಿಗೆ ಮಿಷನ್ನು, ಕೋವಿ, ಸಡಿಲ ಕಂಡದ್ದೆಲ್ಲ ಬಿಗಿ ಮಾಡಿ ಎಣ್ಣೆ ಬಿಡುವುದು. ತುಕ್ಕು ಹಿಡಿಯುವ ಸೀಮೆಯಲ್ಲಿ ಹಾಗೆ ಮಾಡದಿದ್ದರೆ ಒಂದೂ ಉಳಿಯುವುದಿಲ್ಲ. ನಾನು ಅಂಗಡಿಯಿಂದ ಬರುವಾಗ ಬಾಗಿಲಲ್ಲೇ ಅಪ್ಪ, ನಿನ್ನ ಬೋರ್ಡಿನ ಸ್ಕ್ರೂ ಎಷ್ಟು ತಿರುಗಿಸಿದರೂ ಬಿಗಿಯಾಗಲೇ ಇಲ್ಲ, ಥ್ರೆಡ್ ಹೋಗಿದೆ, ಬೇರೆ ಹಾಕಿಸು ಎಂದರು. ಎಷ್ಟು ತಿರುಗಿಸಿದ್ರಿ ಎಂದೆ. ಬಿಗಿಯಾಗುವ ತನಕ ತಿರುಗಿಸಬೇಕಲ್ಲ ಮಾರಾಯ, ಮೂವತ್ತು ಸುತ್ತಾದರೂ ತಿರುಗಿಸಿದೆ ಎಂದರು.

ಬಲಕ್ಕೆ ಮೂವತ್ತು ಸುತ್ತು. ಆ ಸ್ಕ್ರೂ ಬಿಗಿಯಾಗಲು ಇರುವುದಲ್ಲ. ಬಲಕ್ಕೆ ತಿರುಗಿಸಿದಷ್ಟೂ ವೋಲ್ಟ್ ಏರುತ್ತದೆ. ಬ್ಯಾಟರಿಯ ಟರ್ಮಿನಲ್ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ, ಸ್ಕ್ರೂ ತಿರುಗಿಸಿ, ಅಚ್ಚುಕಟ್ಟಾಗಿ ವಾಪಸ್ ಜೋಡಿಸಿದ್ದರು. ಆರು ವೋಲ್ಟಿನ ಫೋನಿಗೆ ಹನ್ನೊಂದು ಹೋಗಿತ್ತು. ಫೋನ್ ಎತ್ತಿ ಮೂಸಿದೆ, ಸುಟ್ಟ ವಾಸನೆ.

ನನ್ನ ಬಾಯಿ ಆಗಲೂ ಕೆಟ್ಟದು, ಈಗಲೂ ಕೆಟ್ಟದು.

"ನಿಮ್ಮ ಕೈಗೆ ಈ ಮನೇಲಿ ಒಂದು ವಸ್ತುನೂ ಸಿಗಬಾರ್ದು," ಎಂದುಬಿಟ್ಟೆ.

ಅಪ್ಪ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಕಣದ ಕಡೆ ಹೋದರು. ಅಡಿಗೆಮನೆಯಿಂದ ಅಮ್ಮ ನನ್ನನ್ನು ನೋಡಿದ ನೋಟ ಈಗ ನೆನಪಾದರೂ ನಾಚಿಕೆಯಾಗುತ್ತದೆ.

ಹಾಳು ಮಳೆ ಅಂದೇ ಸಂಜೆ ಬರಬೇಕೆ! ಆಲಿಕಲ್ಲಿನ ಜೊತೆ ಸುರಿದು ಬೆಳಕಿರುವಾಗಲೇ ನಿಂತಿತು. ಅಪ್ಪ ಹೋಗಿ ಅಳೆದು ಬಂದು ಎಪ್ಪತ್ತೆಂಟು ಎಂದರು, ಯಾರಿಗೂ ಹೇಳಿದ್ದಲ್ಲ ಎಂಬಂತೆ. ಆಮೇಲೆ ಸತ್ತ ಫೋನಿನ ಮುಂದೆ ಹೋಗಿ ನಿಂತರು. ಅಣ್ಣ ಈಗ ಮಾಡುತ್ತಿರುತ್ತಾನೆ, ಬೇಕೆಂದೇ ಎತ್ತಲಿಲ್ಲ ಎಂದುಕೊಳ್ಳುತ್ತಾನೆ, ಇನ್ನು ಮಾಡುವುದಿಲ್ಲ ಎಂದರು. ನಾನು ಹೋಗಿ ಹೇಳಿ ಬರುತ್ತೇನೆ ಎಂದರೆ ಬೇಡವೇ ಬೇಡ. ಮಧ್ಯೆ ಇನ್ನೊಬ್ಬರು ಬಂದರೆ ಇರುವುದೂ ಹೋಗುತ್ತದಂತೆ. ಹಾಗಾದರೆ ನೀವೇ ಹೋಗಿ ಎಂದಾಗ ನನ್ನ ಮುಖವನ್ನೇ ನೋಡಿದರು, ಒಂಬತ್ತು ವರ್ಷದ ದಾರಿ ನಿನಗೆ ಅರ್ಧ ಗಂಟೆಯದ್ದಾಗಿ ಕಾಣುತ್ತದಾ ಎಂಬಂತೆ. ಮಾರನೇ ದಿನವೂ ಮಳೆ ಬಂತು. ಅಪ್ಪ ಅಳೆಯಲು ಹೋಗಲಿಲ್ಲ. ಇವರು ಮಳೆ ಅಳೆಯದೆ ಇದ್ದದ್ದನ್ನು ನಾನು ಕಂಡಿದ್ದು ಇದೇ ಮೊದಲು ಎಂದಳು ಅಮ್ಮ.

ಮೂರನೇ ಬೆಳಿಗ್ಗೆ ನಾನು ತೋಟಕ್ಕೆ ಹೊರಟಿದ್ದೆ. ಕಾಫಿ ಗಿಡಗಳ ನಡುವಿನಿಂದ ಒಂದು ಕೊಡೆ ಇಳಿದು ಬರುತ್ತಿತ್ತು. ಮಂಜಿನಲ್ಲಿ ಕೊಡೆ ಮೊದಲು ಕಂಡಿತು, ಆಮೇಲೆ ಮನುಷ್ಯ. ದೊಡ್ಡಪ್ಪ. ಪಂಚೆ ಮೊಣಕಾಲ ತನಕ ಕೆಸರಾಗಿತ್ತು, ಏದುಸಿರು. ಕಣದ ಅಂಚಿನಲ್ಲಿ ನಿಂತುಬಿಟ್ಟರು, ಮುಂದೆ ಬರಲಿಲ್ಲ. ಅಪ್ಪ ಜಗುಲಿಯಲ್ಲಿ ಎದ್ದು ನಿಂತರು. ಅವರೂ ಮುಂದೆ ಹೋಗಲಿಲ್ಲ.

"ಸತ್ತೇ ಹೋದಿಯೇನೋ ಅಂದ್ಕೊಂಡೆ ಮಾರಾಯ," ಎಂದರು ದೊಡ್ಡಪ್ಪ. "ಎರಡು ದಿನದಿಂದ ಫೋನ್ ಮಾಡಿದ್ರೆ ಯಾವಳೋ ಒಬ್ಬಳು ಸಿಗೋದಿಲ್ಲ, ಸಿಗೋದಿಲ್ಲ ಅಂತಾಳೆ."

"ಒಳಗೆ ಬಾ ಅಣ್ಣ, ಚಳಿ," ಎಂದರು ಅಪ್ಪ. ಅವರು ಎದುರಿಗೆ ನಿಂತು ಅಣ್ಣ ಎಂದು ಕರೆದದ್ದನ್ನು ನಾನು ಕೇಳದೆ ಒಂಬತ್ತು ವರ್ಷವಾಗಿತ್ತು. ನಾನು ತೋಟಕ್ಕೆ ಹೋಗಲಿಲ್ಲ. ಏನೋ ಹುಡುಕುವವನ ಹಾಗೆ ಜೀಪಿನ ಬಾನೆಟ್ ಎತ್ತಿ ಅದರೊಳಗೆ ತಲೆ ಹಾಕಿ ಅತ್ತೆ.

ಆಮೇಲಿನ ದಿನಗಳು ನೆನಪಿನಲ್ಲಿ ಒಂದಕ್ಕೊಂದು ಬೆರೆತುಹೋಗಿವೆ. ಮಳೆ ನಿಂತರೆ ಒಂದು ದಿನ ಅಪ್ಪ ಗುಡ್ಡ ಹತ್ತಿ ಹೋಗುವರು, ಇನ್ನೊಂದು ದಿನ ದೊಡ್ಡಪ್ಪ ಇಳಿದು ಬರುವರು. ಕಣದ ಕಟ್ಟೆಯ ಮೇಲೆ ಇಬ್ಬರೂ ಕಾಲು ಇಳಿಬಿಟ್ಟು ಕೂತು ಕಾಫಿ ಕುಡಿಯುತ್ತಿದ್ದರು. ಸೆಂಟಿನ ಮಾತು ಮೊದಲ ನಿಮಿಷಕ್ಕೇ ಮುಗಿಯುತ್ತಿತ್ತು. ಉಳಿದದ್ದು ಏನೇನೋ. ಅಜ್ಜಿ ಮಾಡುತ್ತಿದ್ದ ಎಳೆಬಿದಿರಿನ ಕಳಲೆ ಪಲ್ಯ, ಅಪ್ಪ ಚಿಕ್ಕವರಿದ್ದಾಗ ಹಳ್ಳಕ್ಕೆ ಬಿದ್ದದ್ದು, ಅವರನ್ನು ಎಳೆದವರು ದೊಡ್ಡಪ್ಪನೋ ಎಮ್ಮೆಯೋ ಎಂಬ ತಕರಾರು. ಗಡಿಯ ಮರದ ಸುದ್ದಿ ಇಬ್ಬರೂ ಎತ್ತಲಿಲ್ಲ. ತಿಳಿಬಿಸಿಲಿನಲ್ಲಿ ಹೆಂಚಿನಿಂದ ಹಬೆ ಏಳುತ್ತಿರುತ್ತಿತ್ತು, ಅವರ ನಗು ಪಲ್ಪರ್ ಮನೆಯ ತನಕ ಕೇಳುತ್ತಿತ್ತು.

ನಾನೊಬ್ಬ ಮಂಕ. ಆ ದಿನಗಳಲ್ಲೆಲ್ಲ ಅಂಗಡಿಯಲ್ಲಿ ತಲೆ ಬಗ್ಗಿಸಿ ಆ ಫೋನನ್ನೇ ಹಿಡಿದು ಕೂತಿದ್ದೆ. ಅಪ್ಪನಿಗೆ ಆಡಿದ ಮಾತು ಚುಚ್ಚುತ್ತಿತ್ತು. ಕ್ಷಮಿಸಿ ಎನ್ನಲು ಬಾಯಿ ಬಾರದ್ದಕ್ಕೆ ರಿಪೇರಿ ಮಾಡಿ ತೋರಿಸುವ ಹಟ. ಒಳಗಿನ ಒಂದು ಐಸಿ ಸುಟ್ಟಿತ್ತು. ಬೆಂಗಳೂರಿನಿಂದ ಬಸ್ ಕಂಡಕ್ಟರನ ಕೈಯಲ್ಲಿ ತರಿಸಿದೆ, ತಪ್ಪು ಐಸಿ ಬಂತು. ಮತ್ತೆ ತರಿಸಿದೆ. ಮೂರು ವಾರಕ್ಕೆ ಫೋನಿಗೆ ಜೀವ ಬಂತು. ಬೋರ್ಡನ್ನು ಆರಕ್ಕೆ ಇಳಿಸಿ, ಯಾರೂ ತಿರುಗಿಸದ ಹಾಗೆ ಸ್ಕ್ರೂವಿನ ಮೇಲೆ ಹೆಂಡತಿಯ ಉಗುರುಬಣ್ಣದ ಒಂದು ತೊಟ್ಟು ಹಾಕಿ, ಇಡೀ ಬೋರ್ಡನ್ನು ಡಬ್ಬಿಯೊಳಗೆ ಕೂರಿಸಿ ಮುಚ್ಚಿದೆ. ಅಂಥ ಅಚ್ಚುಕಟ್ಟಿನ ಕೆಲಸ ನಾನು ಆಮೇಲೆ ಮಾಡಿಲ್ಲ.

ಮನೆಗೆ ತಂದು ಜೋಡಿಸಿ, ನೋಡಿ ಅಪ್ಪ, ಇನ್ನು ಹತ್ತು ವರ್ಷ ಇದಕ್ಕೆ ಏನೂ ಆಗುವುದಿಲ್ಲ ಎಂದೆ. ದೊಡ್ಡಪ್ಪನ ಮನೆಗೆ ನಾನೇ ಮೊದಲ ಫೋನ್ ಮಾಡಿ ಸರಿಯಾಯಿತು ಎಂದು ಹೇಳಿದೆ. ದೊಡ್ಡಪ್ಪ ಹೌದಾ, ಒಳ್ಳೇದಾಯ್ತು ಎಂದು ಇಟ್ಟರು. ಅಪ್ಪ ಗುಡ್ಡ ಹತ್ತಲೆಂದು ಆಗಲೇ ಕೊಡೆ ಕೈಗೆ ತೆಗೆದುಕೊಂಡಿದ್ದರು. ಅದನ್ನು ಮತ್ತೆ ಗೋಡೆಗೆ ಒರಗಿಸಿದರು. ನನ್ನ ಹೆಗಲ ಮೇಲೆ ಕೈ ಇಟ್ಟು, ಮೆಚ್ಚುವವರ ಹಾಗೆಯೇ ಎರಡು ಸಲ ತಟ್ಟಿದರು.

"ಇನ್ನೊಂದು ನಾಲ್ಕು ದಿನ ತಡ ಮಾಡಿದ್ರೆ ಆಗ್ತಿರ್ಲಿಲ್ವ ಮಗ?" ಎಂದರು.

ಆ ಮಳೆಗಾಲವೆಲ್ಲ ದೊಡ್ಡಪ್ಪ ಮತ್ತೆ ನಮ್ಮ ಮನೆಗೆ ಬರಲಿಲ್ಲ, ಅಪ್ಪನೂ ಹೋಗಲಿಲ್ಲ. ಫೋನ್ ಮಾತ್ರ ಒಂದು ದಿನವೂ ಕೆಡಲಿಲ್ಲ.