ಧಾರೆಯ ಬ್ಲಾಕ್

ನನ್ನ ಬಲಗೈಯ ಎರಡು ಬೆರಳುಗಳನ್ನು ತಿಂದದ್ದು ಪುತ್ತೂರಿನ ಪ್ರೆಸ್ಸೊಂದರ, ಕಾಲಿನಿಂದ ನಡೆಸುವ ಟ್ರೆಡಲ್ ಯಂತ್ರ. ಎಪ್ಪತ್ತರ ದಶಕದ ಕೊನೆಯ ಮಾತು. ಯಂತ್ರ ತುಳಿಯುವುದು ನನ್ನ ಕೆಲಸವೇ ಆಗಿರಲಿಲ್ಲ. ನಾನು ಮರದ ಬ್ಲಾಕ್ ಕೆತ್ತುವವನು. ಮದುವೆ ಕಾಗದದ ಗಣಪತಿ, ಯಕ್ಷಗಾನ ಮೇಳದ ಪೋಸ್ಟರಿನ ಕಿರೀಟ, ಬೀಡಿ ಲೇಬಲ್ಲಿನ ಚಿತ್ರ, ಎಲ್ಲವೂ ನನ್ನ ಉಳಿಯವು. ಅಂದು ಯಂತ್ರದವನು ಬರಲಿಲ್ಲ, ಪ್ರೆಸ್ಸಿನ ಧಣಿಗಳು ನನ್ನನ್ನು ಅಲ್ಲಿ ನಿಲ್ಲಿಸಿದರು. ಆಮೇಲೆ "ಅವನಿಗೆ ಗಮನ ಇಲ್ಲ ಮಾರಾಯ್ರೆ" ಎಂದು ಊರಿಡೀ ಹೇಳಿಕೊಂಡು ಬಂದವರೂ ಅವರೇ. ಆ ಸಿಟ್ಟು ಇಂದಿಗೂ ಆರಿಲ್ಲ, ಆರಿಸುವ ಮನಸ್ಸೂ ನನಗಿಲ್ಲ.

ಗಾಯ ಮಾಗಿ ವಾಪಸು ಹೋದಾಗ ಕಿಟಕಿ ಬಳಿಯ ನನ್ನ ಮಣೆಯಲ್ಲಿ ಧಣಿಗಳ ಭಾವ ಕೂತಿದ್ದರು. ಅವರ ಕೈಯಲ್ಲಿ ನನ್ನ ಉಳಿ.

"ನೀನು ಕಾಗದ ಮಡಚು," ಎಂದರು ಧಣಿಗಳು. "ಕೆತ್ತುದು ಇನ್ನು ನಿನ್ನಿಂದ ಆಗುದುಂಟಾ?"

ಮಡಚಿದೆ. ಹೊಟ್ಟೆ ಕೇಳಬೇಕಲ್ಲ. ಆದರೆ ಮನೆಯಲ್ಲಿ ಹಳೆಯ ಉಳಿಯೊಂದಿತ್ತು. ಉಳಿದ ಬೆರಳುಗಳು ಅದನ್ನು ಹಿಡಿಯುತ್ತಿದ್ದವು, ತಿರುಗಿಸಲು ಹೋದರೆ ನೋವು ಮೊಣಕೈವರೆಗೆ ಏರುತ್ತಿತ್ತು. ಆ ನೋವನ್ನೆಲ್ಲ ಹೆಂಡತಿಯ ಮೇಲೆ ರೇಗಿ ತೀರಿಸುತ್ತಿದ್ದೆ. ಕೊನೆಗೆ ಚೀಲವೊಂದಕ್ಕೆ ಹೊಯ್ಗೆ, ಅದೇ ಮರಳು, ತುಂಬಿ ಅದರ ಮೇಲೆ ಹಲಗೆ ಇಟ್ಟೆ. ಉಳಿಯನ್ನು ಅಂಗೈಗೆ ಬಟ್ಟೆಯಿಂದ ಕಟ್ಟಿಕೊಂಡೆ. ಬಲಗೈ ಅಲುಗದೆ ಒತ್ತಬೇಕು, ಎಡಗೈ ಹಲಗೆಯನ್ನು ತಿರುಗಿಸಬೇಕು. ಮೊದಲ ಗೆರೆಗಳೆಲ್ಲ ಕುಡುಕ ನಡೆದ ದಾರಿ. ಮಳೆಗಾಲ ಕಳೆಯುವಷ್ಟರಲ್ಲಿ ನೆಟ್ಟಗಾದವು.

ಆ ಹೊತ್ತಿಗೆ ಕೆದಂಬಾಡಿಯ ಯಜಮಾನರೊಬ್ಬರು ಮಗಳ ಮದುವೆ ಕಾಗದದ ಕಟ್ಟು ಹಿಡಿದು ಪ್ರೆಸ್ಸಿಗೆ ನುಗ್ಗಿದರು. ನಮ್ಮಲ್ಲಿ ಮದುವೆ ಎಂದರೆ ಧಾರೆ. ವಧೂವರರ ಬಲಗೈ ಕೂಡಿಸಿ ಗಿಂಡಿಯಿಂದ ನೀರೆರೆಯುತ್ತಾರೆ. ಕಾಗದದ ಮೇಲೂ ಅದೇ ಚಿತ್ರ. ಬ್ಲಾಕಿನಲ್ಲಿ ಎಡಬಲ ತಿರುಗಿಸಿ ಕೆತ್ತಿದರಷ್ಟೇ ಅಚ್ಚಿನಲ್ಲಿ ಸರಿಯಾಗಿ ಬೀಳುತ್ತದೆ. ಧಣಿಗಳ ಭಾವ ಅದನ್ನು ತಿರುಗಿಸದೆ ಇದ್ದ ಹಾಗೇ ಕೆತ್ತಿದ್ದರು, ಅಚ್ಚಿನಲ್ಲಿ ಬಲಗೈ ಎಡಗೈಯಾಗಿತ್ತು.

"ಎಡಗೈಗೆ ಧಾರೆ ಎರೆಯುದಾ? ಇದು ಯಾವ ಊರಿನ ಕ್ರಮ ಮಾರಾಯ್ರೆ?" ಯಜಮಾನರ ಕೂಗು ಬೀದಿಗೆ ಕೇಳುತ್ತಿತ್ತು.

ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ?

ಧಣಿಗಳು ನನ್ನನ್ನು ಮೂಲೆಗೆ ಕರೆದರು. "ನಿನ್ನಿಂದ ಆಗ್ತದಾ?"

"ಆಗ್ತದೆ. ಆ ಮಣೆ ನನಗೆ ವಾಪಸು ಬೇಕು."

"ಆಯ್ತು ಮಾರಾಯ, ಮೊದಲು ಕೆತ್ತು."

ನನ್ನ ಬಲಗೈಯನ್ನೇ ಮಾದರಿಯಾಗಿ ನೋಡಿ ಕೆತ್ತುವ ಹಾಗಿರಲಿಲ್ಲ. ಹೆಂಡತಿ ಒಲೆ ಬಿಟ್ಟು ಬಂದು ತನ್ನ ಬಲಗೈ ಚಾಚಿ ಕೂತಳು. ಬ್ಲಾಕ್ ಚಂದ ಬಂತು, ಉಗುರಿನ ಗೆರೆ ಕೂಡ ಕಾಣುತ್ತಿತ್ತು.

ಮಾದರಿ ಅಚ್ಚು ನೋಡಿ ಯಜಮಾನರ ಮುಖ ಅರಳಿತು. "ಹಾಂ, ಇದು ಕೈ! ಯಾರು ಕೆತ್ತಿದ್ದು?"

"ನಮ್ಮ ಭಾವ ತಿದ್ದಿದ್ದು," ಎಂದರು ಧಣಿಗಳು, ಕಣ್ಣು ಮಿಟುಕಿಸದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಹೆಗಲ ಮೇಲಿನ ಬೈರಾಸಿನೊಳಗೆ ಅಡಗಿಸಿಕೊಂಡಿದ್ದ ಕೈಯನ್ನು ತೆಗೆದು ಮೇಜಿನ ಮೇಲಿಟ್ಟೆ. "ಕೆತ್ತಿದ್ದು ಇದು. ಇವರ ಯಂತ್ರ ತಿಂದು ಉಳಿಸಿದ್ದು."

ಯಜಮಾನರು ಕೈ ನೋಡಿದರು. ಬಿಸಿ ಕಾವಲಿ ಮುಟ್ಟಿದವರಂತೆ ಅಚ್ಚನ್ನು ಕೆಳಗಿಟ್ಟರು. ಶುಭಕಾರ್ಯಕ್ಕೆ ಊನವಾದ ಕೈಯ ಕೆಲಸ ಆಗದು ಎಂಬ ನಂಬಿಕೆ ಅವರದು.

"ಇದು ಬೇಡ. ಮೊದಲಿನದ್ದೇ ಕೊಡಿ," ಎಂದರು. "ಎಡಗೈಯಾದರೆ ಎಂತ, ಬೆರಳು ಐದೂ ಉಂಟಲ್ಲ."

ಧಣಿಗಳು ಎಡಗೈಯ ಕಾಗದಗಳನ್ನೇ ಮತ್ತೆ ಕಟ್ಟಿಕೊಟ್ಟರು.

ಕೊಟ್ಟ ಮಾತನ್ನು ಅವರು ನೆನೆಸಲಾರರು ಎಂದು ಗೊತ್ತಿತ್ತು. ನಾನೇ ಹೋಗಿ ಕಿಟಕಿ ಬಳಿಯ ಮಣೆಯಲ್ಲಿ ಕೂತೆ. ಭಾವ ಬಂದು "ಏಳು" ಎಂದರು. ನಾನು ಉಳಿಯನ್ನು ಅಂಗೈಗಿಟ್ಟು, ಬಟ್ಟೆ ಸುತ್ತಿ, ಗಂಟನ್ನು ಹಲ್ಲಿನಿಂದ ಕಚ್ಚಿ ಬಿಗಿದೆ. ಅವರು ಕಾಗದ ಮಡಚುವ ಜಾಗಕ್ಕೆ ಸರಿದರು.