ಪೀರ್‌ಸಾಬ್ ತೊಳೆಯದೆ ಕೊಡುವ ನಾಳ

ಬೆಳಗಿನ ಐದೂವರೆ. ಚನ್ನಗಿರಿಯ ಮಟನ್ ಅಂಗಡಿಯಲ್ಲಿ ಪೀರ್‌ಸಾಬ್ ಆಗಷ್ಟೇ ಕೊಯ್ದ ಆಡಿನ ಎದೆಗೂಡಿನೊಳಗೆ ಬಗ್ಗಿ ನೋಡುತ್ತಿದ್ದಾರೆ. ಮೂವತ್ತೊಂದು ವರ್ಷ ಕತ್ತಿ ಹಿಡಿದ ಕೈಗೆ ಈ ಹೊತ್ತಿನಲ್ಲಿ ಅವಸರವಿಲ್ಲ. ಗುಂಡಿಗೆಯಿಂದ ಹೊರಡುವ ದೊಡ್ಡ ರಕ್ತನಾಳವನ್ನು ಬೆರಳುದ್ದ ಬಿಡಿಸಿ, ತಣ್ಣನೆಯ ಉಪ್ಪುನೀರಿನ ಫ್ಲಾಸ್ಕಿಗೆ ಇಳಿಸುತ್ತಾರೆ. ತೊಳೆಯುವುದಿಲ್ಲ, ಒರೆಸುವುದಿಲ್ಲ.

ಫ್ಲಾಸ್ಕ್ ಸಂಶೋಧನಾ ವಿದ್ಯಾರ್ಥಿನಿ ಹೇಮಾವತಿಯದು. ಆರೂಕಾಲಿನ ಬಸ್ಸಿಗೆ ಅದು ದಾವಣಗೆರೆಯ ಪ್ರಯೋಗಾಲಯಕ್ಕೆ ಹೊರಡುತ್ತದೆ. ಅಲ್ಲಿ ನಾಳವನ್ನು ಉಂಗುರಗಳಾಗಿ ಕತ್ತರಿಸಿ, ಔಷಧಿಯಿಂದ ಬಿಗಿಯುವಂತೆ ಮಾಡಿ, ಮೇಲೆ ನೆಗ್ಗಿನಮುಳ್ಳಿನ ಸಾರ ಬಿಡುತ್ತಾರೆ. ಜಗಳೂರು ಕಡೆಯ ಸೊಕ್ಕೆಯ ಹೊಲಗಳಲ್ಲಿ ಕಾಲಿಗೆ ಚುಚ್ಚುವ ಅದೇ ಮುಳ್ಳು. ಉಂಗುರ ಸಡಿಲವಾದರೆ, ಮುಂದೊಂದು ದಿನ ರಕ್ತದೊತ್ತಡಕ್ಕೆ ಉಪಯೋಗವಾದೀತೇ ಎಂದು ಹುಡುಕಬಹುದು.

ಕಳೆದ ವರ್ಷ ನಾಲ್ಕು ತಿಂಗಳು ಒಂದು ಉಂಗುರವೂ ಸಡಿಲವಾಗಲಿಲ್ಲ. ನಾಳ ಸಡಿಲಿಸುತ್ತದೆಂದು ಮೊದಲೇ ಗೊತ್ತಿರುವ ಔಷಧಿಗೂ ಜಗ್ಗಲಿಲ್ಲ. ನಾಳ ದಾರಿಯಲ್ಲೇ ಕೆಡುತ್ತಿದೆ, ಈ ಕೆಲಸ ಕೈಬಿಡಿ ಎಂದರು ಮಾರ್ಗದರ್ಶಕರು. ಇನ್ನು ಬರುವುದಿಲ್ಲ ಎಂದು ಹೇಳಿಹೋಗಲು ಹೇಮಾವತಿ ಅಂಗಡಿಗೆ ಬಂದರು. ಪೀರ್‌ಸಾಬ್‌ಗೆ ನೋವಾಯಿತು.

"ಚೊಕ್ಕಟ ಮಾಲೇ ಕೊಟ್ಟೀನಲ್ಲಮ್ಮ. ದಿನಾ ಒಳಗೆ ಬೆರಳು ಹಾಕಿ ಉಜ್ಜಿ, ನಲ್ಲಿ ನೀರಾಗೆ ತೊಳೆದು ಕೊಡ್ತೀನಿ."

ಹೇಮಾವತಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ. ನಾಳ ಸಡಿಲಾಗಲು ಸೂಚನೆ ಕೊಡುವುದೇ ಒಳಮೈಯ ತೆಳು ಪದರ. ಅದು ದಿನವೂ ಪೀರ್‌ಸಾಬರ ಬೆರಳಿಗೆ ಅಂಟಿಕೊಂಡು ಹೋಗುತ್ತಿತ್ತು. ಕೊಳಕು ಮಾಲು ಕೊಟ್ಟು ಅಭ್ಯಾಸವಿಲ್ಲದ ಮನುಷ್ಯ, ಯಾರೂ ಕೇಳದಿದ್ದರೂ ಉಪಕಾರ ಮಾಡಿದ್ದರು!

ಮರುದಿನ ತೊಳೆಯದ ನಾಳ ಹೋಯಿತು. ಮಧ್ಯಾಹ್ನ ಹೇಮಾವತಿ, ಉಂಗುರದ ಬಿಗಿತವನ್ನು ಗೆರೆಯಾಗಿ ತೋರಿಸುವ ಯಂತ್ರದ ವಿಡಿಯೊ ಫೋನಿನಲ್ಲಿ ಕಳಿಸಿದರು. "ಗೆರೆ ಮೇಲೆ ಹತ್ತಿ ನಿಂತಿತ್ತು. ಸಾರ ಬಿಟ್ಟ ಮೇಲೆ ಮೆಲ್ಲಗೆ ಇಳೀತು. ಅಂಗಡಿ ಬಾಗಿಲು ಹಾಕಿ ಮೂರು ಸಲ ನೋಡಿದೆ" ಎನ್ನುತ್ತಾರೆ ಪೀರ್‌ಸಾಬ್.

"ಚಾಚಾ ಆ ಮಾತು ಆಡದೇ ಇದ್ದಿದ್ರೆ ನನ್ನ ಓದು ಅಲ್ಲಿಗೇ ನಿಲ್ತಿತ್ತು. ಅವರ ಋಣ ದೊಡ್ಡದು" ಎನ್ನುತ್ತಾರೆ ಹೇಮಾವತಿ.

ಪೀರ್‌ಸಾಬರ ಹೆಂಡತಿ ಖಮರುನ್ನೀಸಾಗೆ ಬಿಪಿ ಇದೆ. ಆ ಮುಳ್ಳಿನ ಕಷಾಯ ಕುಡಿಯಲೇ ಎಂದು ಆಕೆ ಕೇಳಿದ್ದುಂಟು. ಅದಕ್ಕೆ ಪೀರ್‌ಸಾಬ್ ಕೊಟ್ಟ ಉತ್ತರ: "ಇನ್ನೂ ಆಡಿನ ನಾಳದಾಗೆ ನೋಡ್ತಿದಾರೆ, ಮನುಷ್ಯರಾಗೆ ಅಲ್ಲ. ನೀನು ಆಸ್ಪತ್ರೆ ಗುಳಿಗೆ ಬಿಡಬ್ಯಾಡ ಅಂದೀನಿ." ನಮ್ಮಪ್ಪನೂ ಬಿಪಿ ಗುಳಿಗೆ ನುಂಗುವವರು; ಇದನ್ನೆಲ್ಲ ಬರೆದುಕೊಳ್ಳಲು ಅಂಗಡಿಗೆ ಬಂದಿದ್ದ ನನಗೆ ಈ ಮನುಷ್ಯನಿಗೆ ಕೈಮುಗಿಯಬೇಕೆನಿಸಿತು.

ಹೇಮಾವತಿಯ ಪ್ರಬಂಧ ಈಗ ಮುಗಿಯುತ್ತಾ ಬಂದಿದೆ. ಅದರಲ್ಲಿ ನಿಮ್ಮ ಹೆಸರು ಬರುತ್ತದಂತೆ ಎಂದೆ. ಪೀರ್‌ಸಾಬ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಕ್ಕರು.

"ಹೆಸರು ಬಿಡ್ರೀ. ನಾನು ತೊಳೆದಿದ್ದು ಬರೆಯಾಕೆ ಹೇಳೀನಿ. ಇನ್ನೊಂದು ಊರಾಗೆ ಇನ್ನೊಬ್ಬ ಅಂಗಡಿಯೋನು ತೊಳೀಬಾರದಲ್ಲ."